ಹಳೆಯ ಟ್ರ್ಯಾಕ್ಟರಿನ ಚಾಲನಾವಿದ್ಯೆ: ಒಂದು ಸಂವಾದ

ಅರ್ಧ ಶತಮಾನದಷ್ಟು ಹಿಂದೆ ತಯಾರಾಗಿ ಇಂದಿಗೂ ಹೊಲದಂಚಿನಲ್ಲೋ ಕೊಟ್ಟಿಗೆಯ ಮಗ್ಗುಲಲ್ಲೋ ಉಳಿದುಕೊಂಡಿರುವ ಟ್ರ್ಯಾಕ್ಟರುಗಳನ್ನು ಚಾಲೂ ಮಾಡುವ ಮತ್ತು ಓಡಿಸುವ ಕ್ರಮವೂ, ಆ ಕ್ರಮವನ್ನು ಬಲ್ಲವರು ವಿರಳರಾಗುತ್ತಿರುವುದರಿಂದ ಒದಗುವ ನಷ್ಟವೂ ಈ ಸಂವಾದದ ವಿಷಯ. ಇದರಲ್ಲಿ ಮಾತನಾಡುವವರು ಬೆಂಗಳೂರು ದಂಡಿನ ಬೆನ್ಸನ್ ಟೌನಿನಲ್ಲಿ ನೆಲೆಸಿರುವ ಇಬ್ಬರು: ಕೃಷಿ ಯಂತ್ರಗಳ ದುರಸ್ತಿ ಮತ್ತು ತರಬೇತಿಯಲ್ಲಿ ವೃತ್ತಿಜೀವನವನ್ನು ಕಳೆದ ತಜ್ಞರೊಬ್ಬರು, ತಂತ್ರಜ್ಞಾನದ ಇತಿಹಾಸವನ್ನು ಅಭ್ಯಾಸ ಮಾಡುತ್ತಿರುವ ಕಿರಿಯ ಜಿಜ್ಞಾಸು ಇನ್ನೊಬ್ಬರು.

ಜಿಜ್ಞಾಸು: ಮಿಲ್ಲರ್ಸ್ ರಸ್ತೆ, ನಂದಿದುರ್ಗ ರಸ್ತೆಗಳ ಆಸುಪಾಸಿನ ಈ ಬಡಾವಣೆ ಹಳೆಯ ಬಂಗಲೆಗಳಿಗೆ, ಚರ್ಚುಗಳಿಗೆ, ಮಸೀದಿಗಳಿಗೆ, ಶಾಲೆಗಳಿಗೆ ಹೆಸರಾದದ್ದೇ ಹೊರತು ಉಳುಮೆಗಲ್ಲ. ಟ್ರ್ಯಾಕ್ಟರಿನ ವಿಚಾರವನ್ನು ಮಂಡ್ಯದಲ್ಲೋ ಗಂಗಾವತಿಯಲ್ಲೋ ಎತ್ತಿಕೊಳ್ಳುವುದು ಸಹಜವಾಗಿರುವಾಗ, ಇಲ್ಲಿ ಎತ್ತಿಕೊಳ್ಳಲು ಏನು ಆಧಾರ?

ತಜ್ಞ: ಉಳುಮೆ ನಡೆಯುವ ಸ್ಥಳ ಒಂದು, ಉಳುವ ಯಂತ್ರದ ಬಗ್ಗೆ ತೀರ್ಮಾನ ನಡೆಯುವ ಸ್ಥಳ ಮತ್ತೊಂದು. ಬೆನ್ಸನ್ ಟೌನಿನಿಂದ ಉತ್ತರಕ್ಕೆ ಸ್ವಲ್ಪವೇ ದೂರದಲ್ಲಿ, ಬಳ್ಳಾರಿ ರಸ್ತೆಯ ಮೇಲೆ, ಎಚ್‌ಎಂಟಿ ಭವನವಿದೆ. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದುಸ್ಥಾನ್ ಮೆಷಿನ್ ಟೂಲ್ಸ್ ಸಂಸ್ಥೆಯನ್ನು ಕನ್ನಡಿಗರು ಕೈಗಡಿಯಾರದಿಂದಲೇ ಹೆಚ್ಚಾಗಿ ಗುರುತಿಸಿದರೂ, ಆ ಸಂಸ್ಥೆ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಚೆಕೊಸ್ಲೊವಾಕಿಯಾದ ಜೆಟರ್ ವಿನ್ಯಾಸವನ್ನು ಆಧರಿಸಿ 25 ಅಶ್ವಶಕ್ತಿಯ 2511 ಮಾದರಿಯ ಟ್ರ್ಯಾಕ್ಟರನ್ನು ತಯಾರಿಸಲು ಆರಂಭಿಸಿತು. ಪೂರ್ವಕ್ಕೆ ಹೋದರೆ, ಕೆ.ಆರ್. ಪುರದ ಬಳಿಯ ಮಹದೇವಪುರದಲ್ಲಿ, 1967ರಲ್ಲಿ ಜಪಾನಿನ ಮಿತ್ಸುಬಿಷಿ ಸಂಸ್ಥೆಯ ಸಹಯೋಗದಲ್ಲಿ ಹುಟ್ಟಿದ ವಿಎಸ್‌ಟಿ ಸಂಸ್ಥೆ ಪವರ್ ಟಿಲ್ಲರುಗಳನ್ನು ತಯಾರಿಸಿತು. ಈ ಯಂತ್ರಗಳ ಡೀಸೆಲ್ ಪಂಪು ಮತ್ತು ನಾಜಲ್‌ಗಳ ಪ್ರಸ್ತಾಪ ಬಂದಾಗ ಮೆಕ್ಯಾನಿಕ್ಕುಗಳ ಬಾಯಲ್ಲಿ ಮೊದಲು ಬರುವ ಮೈಕೋ ಎಂಬ ಹೆಸರು ಆಡುಗೋಡಿಯಲ್ಲಿದ್ದ ಕಾರ್ಖಾನೆಯದು. ಕೃಷಿಯನ್ನು ಶಾಸ್ತ್ರವಾಗಿ ಕಲಿಸಿದ ಹೆಬ್ಬಾಳ ಮೇಖ್ರಿ ವೃತ್ತದ ಆಚೆಗೇ ಇದೆ, ಬಿಚ್ಚಿದ ಬಿಡಿಭಾಗಗಳು ಸಿಗುವ ಶಿವಾಜಿನಗರದ ಗುಜರಿ ದಕ್ಷಿಣಕ್ಕಿದೆ. ಯಂತ್ರವನ್ನು ನಿರ್ಮಿಸಿದ, ಕಲಿಸಿದ, ಕೊನೆಗೆ ಬಿಚ್ಚಿ ಮಾರಿದ ಊರು ಇದೇ ಆಗಿರುವುದರಿಂದ, ಅದನ್ನು ಚಾಲೂ ಮಾಡುವ ವಿದ್ಯೆಯ ಬಗ್ಗೆ ಮಾತನಾಡುವ ಹೊಣೆಯೂ ಈ ಊರಿಗಿದೆ.

ಜಿಜ್ಞಾಸು: ಚಾಲೂ ಮಾಡುವುದನ್ನು ವಿದ್ಯೆ ಎಂದು ಕರೆಯುವುದು ಸ್ವಲ್ಪ ದೊಡ್ಡ ಮಾತಾಗಲಿಲ್ಲವೇ? ಇಂದಿನ ಟ್ರ್ಯಾಕ್ಟರಿನಲ್ಲಿ ಕೀಲಿ ತಿರುಗಿಸಿದರೆ ಸಾಕು.

ತಜ್ಞ: ಕೀಲಿಯ ಹಿಂದೆ ಅಡಗಿರುವ ಕೆಲಸವನ್ನೆಲ್ಲ ಹಳೆಯ ಯಂತ್ರದಲ್ಲಿ ಮನುಷ್ಯನೇ ಮಾಡಬೇಕಾಗಿತ್ತು. ಇಂಜಿನು ಒಮ್ಮೆ ತಿರುಗಲು ತೊಡಗಿದರೆ ತನ್ನ ಮುಂದಿನ ಸುತ್ತಿಗೆ ಬೇಕಾದ ಬಲವನ್ನು ತಾನೇ ಒದಗಿಸಿಕೊಳ್ಳುತ್ತದೆ, ಆದರೆ ಮೊದಲ ಸುತ್ತಿನ ಬಲ ಹೊರಗಿನಿಂದ ಬರಬೇಕು. ಅಷ್ಟೇ ಅಲ್ಲದೆ, ಆ ಮೊದಲ ಸುತ್ತಿನಲ್ಲಿ ಗಾಳಿ ಒಳಬರಬೇಕು, ಇಂಧನ ಸರಿಯಾದ ಪ್ರಮಾಣದಲ್ಲಿ ಬೆರೆಯಬೇಕು, ಪಿಸ್ಟನ್ನು ಆ ಗಾಳಿಯನ್ನು ಸಿಲಿಂಡರಿನ ತುದಿಯ ಚಿಕ್ಕ ಜಾಗಕ್ಕೆ ಅದುಮಬೇಕು, ಅದುಮಿದ ಕ್ಷಣದಲ್ಲೇ ಬೆಂಕಿ ಹೊತ್ತಬೇಕು. ಈ ಬೆಂಕಿ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯ ಮೇಲೆ ಹಳೆಯ ಟ್ರ್ಯಾಕ್ಟರುಗಳನ್ನು ಮೂರು ಕುಲಗಳಾಗಿ ವಿಂಗಡಿಸಬಹುದು. ವಿದ್ಯುತ್ ಕಿಡಿಯಿಂದ ಹೊತ್ತುವ ಪೆಟ್ರೋಲು ಮತ್ತು ಸೀಮೆಎಣ್ಣೆಯ ಯಂತ್ರಗಳು ಮೊದಲನೆಯವು, ಕಾದ ಲೋಹದ ಬುರುಡೆಯನ್ನು ಮುಟ್ಟಿ ಹೊತ್ತುವ ಯಂತ್ರಗಳು ಎರಡನೆಯವು, ಅದುಮಿದ ಗಾಳಿಯ ಬಿಸಿಯಿಂದಲೇ ಹೊತ್ತುವ ಡೀಸೆಲ್ ಯಂತ್ರಗಳು ಮೂರನೆಯವು. ಒಂದು ಕುಲದ ಕ್ರಮವನ್ನು ಇನ್ನೊಂದಕ್ಕೆ ಪ್ರಯೋಗಿಸಿದರೆ ಯಂತ್ರ ಹೊರಡದಿರುವುದು ಸಣ್ಣ ತೊಂದರೆ, ಕೈ ಮುರಿಯುವುದು ದೊಡ್ಡ ತೊಂದರೆ.

ಜಿಜ್ಞಾಸು: ಮೊದಲನೆಯ ಕುಲದಲ್ಲಿ ಜಗತ್ತಿನ ಎರಡು ಪ್ರಸಿದ್ಧ ಯಂತ್ರಗಳಿವೆ. 1917ರಲ್ಲಿ ಅಮೆರಿಕದಲ್ಲಿ ಹೊರಬಂದ ಫೋರ್ಡ್‌ಸನ್ ಮತ್ತು 1946ರಿಂದ 1956ರವರೆಗೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಫರ್ಗುಸನ್ ಟಿಇ-20, ಇವೆರಡರಲ್ಲಿಯೂ ಸೀಮೆಎಣ್ಣೆಯಿಂದ ಓಡುವ ಮಾದರಿಗಳಿದ್ದವು. ಸೀಮೆಎಣ್ಣೆ ಸುಲಭವಾಗಿ ಆವಿಯಾಗುವ ವಸ್ತುವಲ್ಲವಾದ್ದರಿಂದ, ತಣ್ಣಗಿರುವ ಇಂಜಿನಿನಲ್ಲಿ ಅದು ಕಿಡಿಗೆ ಹೊತ್ತುವುದು ಹೇಗೆ ಎಂಬುದು ಸ್ಪಷ್ಟವಾಗುವುದಿಲ್ಲ.

ತಜ್ಞ: ತಣ್ಣಗಿರುವಾಗ ಅದು ಹೊತ್ತುವುದಿಲ್ಲ, ಆದ್ದರಿಂದಲೇ ಆ ಟ್ರ್ಯಾಕ್ಟರುಗಳಲ್ಲಿ ಪೆಟ್ರೋಲಿಗೆ ಒಂದು ಚಿಕ್ಕ ಟ್ಯಾಂಕು, ಸೀಮೆಎಣ್ಣೆಗೆ ಒಂದು ದೊಡ್ಡ ಟ್ಯಾಂಕು ಇರುತ್ತಿದ್ದವು. ಪೆಟ್ರೋಲಿನಿಂದ ಚಾಲೂ ಮಾಡಿ, ರೇಡಿಯೇಟರಿನ ನೀರು ಚೆನ್ನಾಗಿ ಬಿಸಿಯಾಗುವವರೆಗೆ ಕಾದು, ಹೊಗೆಕೊಳವೆಯ ಶಾಖದಿಂದ ಸೀಮೆಎಣ್ಣೆಯನ್ನು ಆವಿಯಾಗಿಸುವ ಭಾಗವೂ ಬಿಸಿಯಾದ ಮೇಲೆ ನಲ್ಲಿಯನ್ನು ಸೀಮೆಎಣ್ಣೆಯ ಕಡೆಗೆ ತಿರುಗಿಸಬೇಕು. ಕೆಲಸ ಮುಗಿಸುವಾಗ ಇದೇ ಕ್ರಮವನ್ನು ಹಿಂದುಮುಂದಾಗಿ ಅನುಸರಿಸಬೇಕು, ಅಂದರೆ ನಿಲ್ಲಿಸುವ ಮುನ್ನ ಪೆಟ್ರೋಲಿಗೆ ಮರಳಿ ಕೆಲವು ನಿಮಿಷ ಓಡಿಸಬೇಕು. ಹಾಗೆ ಮಾಡದಿದ್ದರೆ ಇಂಧನಕ್ಕೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನಲ್ಲಿ ಸೀಮೆಎಣ್ಣೆಯೇ ಉಳಿದು, ಮರುದಿನ ಬೆಳಿಗ್ಗೆ ಎಷ್ಟು ತಿರುಗಿಸಿದರೂ ಇಂಜಿನು ಉಸಿರೆತ್ತುವುದಿಲ್ಲ. ಅವಸರಪಟ್ಟು ಬೇಗನೆ ಸೀಮೆಎಣ್ಣೆಗೆ ತಿರುಗಿಸಿದವರಿಗೆ ಇನ್ನೊಂದು ನಷ್ಟವಿತ್ತು: ಉರಿಯದ ಸೀಮೆಎಣ್ಣೆ ಸಿಲಿಂಡರಿನ ಗೋಡೆಯಿಂದ ಕೆಳಗಿಳಿದು ಇಂಜಿನ್ ಆಯಿಲಿಗೆ ಬೆರೆತು ಅದನ್ನು ತೆಳುವಾಗಿಸುತ್ತಿತ್ತು, ತೆಳುವಾದ ಎಣ್ಣೆಯಲ್ಲಿ ಬೇರಿಂಗುಗಳು ಸವೆಯುತ್ತಿದ್ದವು.

ಇಂಥ ಹಲವು ಯಂತ್ರಗಳಲ್ಲಿ ಕಿಡಿ ಕೊಡುತ್ತಿದ್ದುದು ಮ್ಯಾಗ್ನೆಟೊ, ಅಂದರೆ ಬ್ಯಾಟರಿಯ ಹಂಗಿಲ್ಲದೆ ಕಾಯಸ್ಕಾಂತ ಮತ್ತು ತಂತಿಸುರುಳಿಗಳ ಪರಸ್ಪರ ಚಲನೆಯಿಂದಲೇ ವಿದ್ಯುತ್ತನ್ನು ಉತ್ಪಾದಿಸುವ ಪುಟ್ಟ ಯಂತ್ರ. ಕೈಯಿಂದ ನಿಧಾನವಾಗಿ ತಿರುಗಿಸುವಾಗ ಅದರ ಕಿಡಿ ದುರ್ಬಲವಾಗುವುದರಿಂದ, ಒಂದು ಸ್ಪ್ರಿಂಗು ಅದನ್ನು ಕ್ಷಣಕಾಲ ತಡೆಹಿಡಿದು ಒಮ್ಮೆಲೇ ಬಿಡುವ ಏರ್ಪಾಡನ್ನು ಹಲವು ಯಂತ್ರಗಳಲ್ಲಿ ಮಾಡಿದ್ದರು, ಹಳೆಯ ಟ್ರ್ಯಾಕ್ಟರನ್ನು ತಿರುಗಿಸುವಾಗ ಕೇಳಿಬರುವ ‘ಟಕ್’ ಎಂಬ ಸದ್ದು ಅದರದೇ. ಆ ಸದ್ದು ಬಾರದಿದ್ದರೆ ಹ್ಯಾಂಡಲನ್ನು ಮುಂದೆ ತಿರುಗಿಸಬಾರದು, ಏಕೆಂದರೆ ಕಿಡಿ ತಡವಾಗಿ ಬರುವ ಬದಲು ಬೇಗನೆ ಬಂದರೆ ಪಿಸ್ಟನ್ನು ಮೇಲೇರುತ್ತಿರುವಾಗಲೇ ಸ್ಫೋಟವಾಗಿ ಹ್ಯಾಂಡಲು ಹಿಂದಕ್ಕೆ ಒದೆಯುತ್ತದೆ. ಹ್ಯಾಂಡಲನ್ನು ಹಿಡಿಯುವಾಗ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಬದಿಯಲ್ಲೇ ಇರಬೇಕು, ಮುಷ್ಟಿ ಕಟ್ಟಬಾರದು, ಕೆಳಗಿನಿಂದ ಮೇಲಕ್ಕೆ ಎಳೆಯಬೇಕೇ ವಿನಾ ಮೇಲಿನಿಂದ ಕೆಳಕ್ಕೆ ಮೈಭಾರ ಹಾಕಿ ಒತ್ತಬಾರದು. ಕೈ ಮೇಲಕ್ಕೆ ಹೋಗುತ್ತಿದ್ದರೆ ಒದೆತ ಬಂದಾಗ ಬೆರಳುಗಳು ಬಿಚ್ಚಿಕೊಳ್ಳುತ್ತವೆ, ಕೆಳಕ್ಕೆ ಒತ್ತುತ್ತಿದ್ದರೆ ಇಡೀ ತೋಳು ಆ ಹೊಡೆತಕ್ಕೆ ಸಿಗುತ್ತದೆ. ಗೇರು ನ್ಯೂಟ್ರಲ್‌ನಲ್ಲಿದೆಯೇ ಎಂದು ಕಣ್ಣಿನಿಂದ ನೋಡಿ ಬಿಟ್ಟರೆ ಸಾಲದು, ಗೇರಿನ ಕೋಲನ್ನು ಕೈಯಿಂದ ಆಡಿಸಿ ನೋಡಬೇಕು. ಫರ್ಗುಸನ್‌ನಲ್ಲಿ ಈ ಅಪಾಯವನ್ನು ವಿನ್ಯಾಸದಲ್ಲೇ ನಿವಾರಿಸಿದ್ದರು: ಸ್ಟಾರ್ಟರ್ ಮೋಟರಿಗೆ ವಿದ್ಯುತ್ತು ಹರಿಯುವುದು ಗೇರಿನ ಕೋಲನ್ನು ಅದಕ್ಕೆಂದೇ ಇರುವ ಸ್ಥಾನಕ್ಕೆ ತಂದಾಗ ಮಾತ್ರ, ಹಾಗಾಗಿ ಗೇರಿನಲ್ಲಿರುವಾಗ ಸ್ಟಾರ್ಟರಿನಿಂದ ಇಂಜಿನು ಹೊರಡುವ ಸಂಭವವೇ ಇಲ್ಲ. ಯಂತ್ರ ತಯಾರಕರು ಬಳಸುವವನ ಮೈಗೆ ಕೊಟ್ಟ ಬೆಲೆ ಇಂಥ ಕಡೆ ಕಾಣುತ್ತದೆ.

ಜಿಜ್ಞಾಸು: ಎರಡನೆಯ ಕುಲದ ಯಂತ್ರಗಳಲ್ಲಿ ಜರ್ಮನಿಯ ಮಾನ್‌ಹೈಮಿನ ಲಾಂಜ್ ಬುಲ್‌ಡಾಗ್ ಮುಖ್ಯವಾದದ್ದು ಎಂದು ತಿಳಿಯುತ್ತದೆ. ಫ್ರಿಟ್ಜ್ ಹ್ಯೂಬರ್ ರೂಪಿಸಿದ ಈ ಒಂಟಿ ಸಿಲಿಂಡರಿನ ಟ್ರ್ಯಾಕ್ಟರು 1921ರಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಶಕ್ತಿ ಕೇವಲ 12 ಅಶ್ವಶಕ್ತಿಯಷ್ಟಿತ್ತು, ಆದರೂ ಪೋಲೆಂಡಿನ ಉರ್ಸುಸ್ ಕಾರ್ಖಾನೆ ಎರಡನೆಯ ಮಹಾಯುದ್ಧದ ನಂತರವೂ ಅದೇ ವಂಶದ ಯಂತ್ರವನ್ನು ತಯಾರಿಸಿತು.

ತಜ್ಞ: ಅದರ ಸಿಲಿಂಡರಿನ ಮುಂಭಾಗದಲ್ಲಿ ಎರಕದ ಕಬ್ಬಿಣದ ಬುರುಡೆಯೊಂದು ಇರುತ್ತದೆ. ಅದರ ಕೆಳಗೆ ಬ್ಲೋಲ್ಯಾಂಪು ಹಚ್ಚಿ, ಬುರುಡೆ ಸಾಕಷ್ಟು ಕಾಯುವವರೆಗೆ ಹತ್ತು ಹದಿನೈದು ನಿಮಿಷ ಕಾದು, ಅನಂತರ ಸ್ಟಿಯರಿಂಗ್ ಚಕ್ರವನ್ನು ಅದರ ದಂಡದೊಂದಿಗೆ ಕಿತ್ತು ತಂದು ಪಕ್ಕದ ಗಾಲಿಗೆ, ಅಂದರೆ ಇಂಜಿನಿನ ಸುತ್ತನ್ನು ಸಮವಾಗಿ ಕಾಯ್ದುಕೊಳ್ಳುವ ಭಾರವಾದ ಫ್ಲೈವೀಲಿಗೆ, ಸಿಕ್ಕಿಸಿ ಹಿಂದಕ್ಕೂ ಮುಂದಕ್ಕೂ ತೂಗಬೇಕು. ಇಂಧನ ಕಾದ ಬುರುಡೆಯೊಳಗೆ ಹೊತ್ತಿಕೊಂಡು ಇಂಜಿನು ಹೊರಡುತ್ತದೆ, ಆದರೆ ಎರಡು ಹೊಡೆತಗಳ ಆ ಇಂಜಿನು ಬಲಕ್ಕೂ ತಿರುಗಬಲ್ಲದು, ಎಡಕ್ಕೂ ತಿರುಗಬಲ್ಲದು. ಉಲ್ಟಾ ಹೊರಟಿರುವುದನ್ನು ಗಮನಿಸದೆ ಮುಂದಿನ ಗೇರು ಹಾಕಿದವನ ಟ್ರ್ಯಾಕ್ಟರು ಹಿಂದಕ್ಕೆ ಹೋಗುತ್ತದೆ. ಇಂಥ ಯಂತ್ರಗಳು ಕರ್ನಾಟಕದ ರೈತನ ನಿತ್ಯದ ಅನುಭವಕ್ಕೆ ಸೇರಿದವಲ್ಲವಾದ್ದರಿಂದ ಅವುಗಳ ಬಗ್ಗೆ ಇಷ್ಟು ಸಾಕು. ಚಾಲೂ ಮಾಡುವ ಕಷ್ಟವನ್ನು ನೀಗಿಸಲು ಜನ ಎಷ್ಟು ದೂರ ಹೋದರು ಎಂಬುದಕ್ಕೆ ಇನ್ನೆರಡು ನಿದರ್ಶನಗಳನ್ನಷ್ಟೇ ಸೇರಿಸಬಹುದು: ಇಂಗ್ಲೆಂಡಿನ ಫೀಲ್ಡ್ ಮಾರ್ಷಲ್ ಟ್ರ್ಯಾಕ್ಟರನ್ನು ಬಂದೂಕಿನ ತೋಟಾದಂಥ ಮದ್ದಿನ ಕೊಳವೆಯನ್ನು ಸುತ್ತಿಗೆಯಿಂದ ತಟ್ಟಿ ಹೊರಡಿಸುವ ಏರ್ಪಾಡಿತ್ತು, ಕ್ಯಾಟರ್‌ಪಿಲ್ಲರ್ ಸಂಸ್ಥೆಯ ಹಳೆಯ ಚೈನ್ ಟ್ರ್ಯಾಕ್ಟರುಗಳಲ್ಲಿ ದೊಡ್ಡ ಡೀಸೆಲ್ ಇಂಜಿನನ್ನು ತಿರುಗಿಸಲೆಂದೇ ಪಕ್ಕದಲ್ಲಿ ಎರಡು ಸಿಲಿಂಡರಿನ ಪುಟ್ಟ ಪೆಟ್ರೋಲ್ ಇಂಜಿನನ್ನು ಕೂರಿಸಿದ್ದರು.

ಜಿಜ್ಞಾಸು: ಹಾಗಾದರೆ ಕನ್ನಡ ನಾಡಿನ ಮಟ್ಟಿಗೆ ಚಾಲನಾವಿದ್ಯೆ ಎಂದರೆ ಬಹುಪಾಲು ಡೀಸೆಲ್ ಯಂತ್ರದ ವಿದ್ಯೆ ಎಂದಾಯಿತು.

ತಜ್ಞ: ಹೌದು, ಅದರ ಪಾಠಶಾಲೆ ಎಂದು ಯಾವುದನ್ನಾದರೂ ಕರೆಯುವುದಿದ್ದರೆ ಮಹದೇವಪುರದ ಪವರ್ ಟಿಲ್ಲರನ್ನೇ ಕರೆಯಬೇಕು. ಮಂಡ್ಯ, ಶಿವಮೊಗ್ಗ, ದಾವಣಗೆರೆಗಳ ಗದ್ದೆಗಳಲ್ಲಿ ‘ಟಿಲ್ಲರ್’ ಎಂದಷ್ಟೇ ಕರೆಸಿಕೊಳ್ಳುವ ಈ ಎರಡು ಚಕ್ರದ ಯಂತ್ರದಲ್ಲಿ ಒಂಟಿ ಸಿಲಿಂಡರಿನ, ಮಲಗಿಸಿ ಕೂರಿಸಿದ ಡೀಸೆಲ್ ಇಂಜಿನು ಇರುತ್ತದೆ, ಅದನ್ನು ಕೈಯಿಂದಲೇ ಹೊರಡಿಸಬೇಕು. ಡೀಸೆಲ್ ಇಂಜಿನಿನಲ್ಲಿ ಕಿಡಿಯಿಲ್ಲ. ಗಾಳಿಯನ್ನು ಸುಮಾರು ಹದಿನಾರನೆಯ ಒಂದು ಭಾಗದಷ್ಟು ಜಾಗಕ್ಕೆ ಅದುಮಿದಾಗ ಅದರ ಶಾಖ 500 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ, ಆ ಬಿಸಿಗೆ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತುತ್ತದೆ. ಆದರೆ ಅಷ್ಟು ಗಾಳಿಯನ್ನು ಅದುಮುವ ಬಲ ಮನುಷ್ಯನ ತೋಳಿಗೆ ಒಮ್ಮೆಲೇ ಬರುವುದಿಲ್ಲ. ಅದಕ್ಕಾಗಿ ಡಿಕಂಪ್ರೆಷನ್ ಲಿವರ್ ಎಂಬ ಚಿಕ್ಕ ಸನ್ನೆಯಿದೆ. ಅದನ್ನು ಎತ್ತಿ ಹಿಡಿದರೆ ಸಿಲಿಂಡರಿನ ಕವಾಟವೊಂದು ತೆರೆದೇ ಇರುವುದರಿಂದ ಗಾಳಿ ಅದುಮಿಸಿಕೊಳ್ಳದೆ ಹೊರಗೆ ಹೋಗುತ್ತದೆ, ಹ್ಯಾಂಡಲು ಹಗುರವಾಗಿ ತಿರುಗುತ್ತದೆ. ಒಂದು ಕೈಯಲ್ಲಿ ಲಿವರ್ ಹಿಡಿದು ಇನ್ನೊಂದು ಕೈಯಲ್ಲಿ ಹ್ಯಾಂಡಲನ್ನು ನಿಧಾನವಾಗಿ ತಿರುಗಿಸತೊಡಗಿ ವೇಗ ಹೆಚ್ಚಿಸುತ್ತ ಹೋಗಿ, ಫ್ಲೈವೀಲಿಗೆ ಸಾಕಷ್ಟು ಓಟ ಬಂತು ಎನಿಸಿದ ಕ್ಷಣದಲ್ಲಿ ಲಿವರನ್ನು ಬಿಡಬೇಕು, ಆದರೆ ಹ್ಯಾಂಡಲ್ ತಿರುಗಿಸುವುದನ್ನು ಬಿಡಬಾರದು. ಫ್ಲೈವೀಲಿನಲ್ಲಿ ಕೂಡಿಟ್ಟ ಓಟವೇ ಆ ಮೊದಲ ಅದುಮುವಿಕೆಯನ್ನು ದಾಟಿಸುತ್ತದೆ. ಇಂಜಿನು ಹೊತ್ತಿಕೊಂಡ ಕೂಡಲೇ ಹ್ಯಾಂಡಲಿನ ಓರೆಯಾದ ಕಚ್ಚು ತಾನೇ ಕಳಚಿಕೊಳ್ಳುತ್ತದೆ, ಆ ಕಚ್ಚು ಸವೆದಿದ್ದರೆ ಹ್ಯಾಂಡಲು ಇಂಜಿನಿನೊಂದಿಗೇ ತಿರುಗತೊಡಗಿ ಅಪಾಯ ತರುತ್ತದೆ. ಲಿವರ್ ಬಿಡುವ ಆ ಕ್ಷಣವನ್ನು ಪುಸ್ತಕದಲ್ಲಿ ಬರೆದು ತಿಳಿಸಲಾಗದು. ಅದನ್ನು ತೋಳು ಕಲಿಯಬೇಕು, ಕಲಿತ ತೋಳಿನ ಪಕ್ಕದಲ್ಲಿ ನಿಂತು ಕಲಿಯಬೇಕು.

ಜಿಜ್ಞಾಸು: ಟಿಲ್ಲರನ್ನು ಓಡಿಸುವುದರಲ್ಲಿಯೂ ಅಂಥ ವಿಶೇಷವಿದೆಯೇ?

ತಜ್ಞ: ಒಂದು ವಿಶೇಷವಂತೂ ಪ್ರಾಣಕ್ಕೆ ಸಂಬಂಧಿಸಿದ್ದು. ಟಿಲ್ಲರನ್ನು ಎಡಕ್ಕೆ ತಿರುಗಿಸಲು ಎಡಗೈಯ ಕ್ಲಚ್ಚನ್ನು ಹಿಸುಕಬೇಕು, ಆಗ ಎಡಚಕ್ರಕ್ಕೆ ಹೋಗುವ ಬಲ ಕಡಿದು ಬಲಚಕ್ರ ಮುಂದೆ ಸಾಗಿ ಯಂತ್ರ ಎಡಕ್ಕೆ ಹೊರಳುತ್ತದೆ. ಇಳಿಜಾರಿನಲ್ಲಿ ಈ ನಿಯಮ ತಲೆಕೆಳಗಾಗುತ್ತದೆ, ಏಕೆಂದರೆ ಅಲ್ಲಿ ಇಂಜಿನು ಚಕ್ರಗಳನ್ನು ತಳ್ಳುವ ಬದಲು ತಡೆಯುತ್ತಿರುತ್ತದೆ. ಎಡಗೈಯ ಕ್ಲಚ್ಚನ್ನು ಹಿಸುಕಿದರೆ ಎಡಚಕ್ರ ತಡೆಯಿಲ್ಲದೆ ಓಡಿ ಯಂತ್ರ ಬಲಕ್ಕೆ ಹೊರಳುತ್ತದೆ. ಕಾಲುವೆ ಏರಿಯ ಮೇಲಿಂದ ಗದ್ದೆಗೆ ಟಿಲ್ಲರ್ ಇಳಿಸುವವನಿಗೆ ಇದು ಗೊತ್ತಿಲ್ಲದಿದ್ದರೆ ಯಂತ್ರ ನೀರಿಗೆ ಬೀಳುತ್ತದೆ, ಅವನೂ ಅದರೊಂದಿಗೆ ಬೀಳುತ್ತಾನೆ. ಇದನ್ನು ಹೊಸಬರಿಗೆ ಮೊದಲ ದಿನವೇ ಹೇಳಬೇಕು.

ಜಿಜ್ಞಾಸು: ನಾಲ್ಕು ಚಕ್ರದ ಡೀಸೆಲ್ ಟ್ರ್ಯಾಕ್ಟರು, ಉದಾಹರಣೆಗೆ ಎಚ್‌ಎಂಟಿಯ 2511 ಅಥವಾ ಆ ಕಾಲದ ಮ್ಯಾಸಿ ಫರ್ಗುಸನ್, ಹತ್ತಾರು ವರ್ಷ ನಿಂತಲ್ಲೇ ನಿಂತಿದ್ದರೆ ಅದನ್ನು ಮತ್ತೆ ಜೀವಂತಗೊಳಿಸುವುದು ಹೇಗೆ? ಬ್ಯಾಟರಿ ಹೊಸದು ಹಾಕಿದರೆ ಸಾಕೇ?

ತಜ್ಞ: ಬ್ಯಾಟರಿ ಹಾಕಿ ಕೀಲಿ ತಿರುಗಿಸುವುದು ಅಂಥ ಯಂತ್ರಕ್ಕೆ ಮಾಡಬಹುದಾದ ಅತ್ಯಂತ ದೊಡ್ಡ ಹಾನಿ. ನಿಂತ ಇಂಜಿನಿನಲ್ಲಿ ಪಿಸ್ಟನ್ನಿನ ಬಳೆಗಳು ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ಅಂಟಿಕೊಂಡಿರಬಹುದು, ಬಲವಂತವಾಗಿ ತಿರುಗಿಸಿದರೆ ಬಳೆ ಮುರಿಯುತ್ತದೆ. ನಾಜಲ್‌ಗಳನ್ನು ಬಿಚ್ಚಿ, ಡೀಸೆಲ್ ಮತ್ತು ಎಣ್ಣೆಯ ಮಿಶ್ರಣವನ್ನು ಸಿಲಿಂಡರುಗಳಿಗೆ ಸ್ವಲ್ಪ ಸ್ವಲ್ಪವೇ ಬಿಟ್ಟು, ಕೆಲವು ದಿನ ಸುಮ್ಮನಿದ್ದು, ಅನಂತರ ಕೈಯಿಂದಲೇ ಇಂಜಿನನ್ನು ಕೂದಲೆಳೆಯಷ್ಟು ಆಡಿಸಿ ನೋಡಬೇಕು. ಆಡಿತು ಎಂದಾದ ಮೇಲೆ ಹಳೆಯ ಆಯಿಲನ್ನು ಬಸಿದು, ಅದರ ತಳದಲ್ಲಿ ನೀರಿದೆಯೇ, ಲೋಹದ ಪುಡಿಯಿದೆಯೇ ಎಂದು ಪರೀಕ್ಷಿಸಬೇಕು.

ಮುಂದಿನದು ಇಂಧನದ ದಾರಿ. ಪಾಶ್ಚಾತ್ಯ ಕೈಪಿಡಿಗಳು ಚಳಿಯ ಬಗ್ಗೆ ಪುಟಗಟ್ಟಲೆ ಬರೆಯುತ್ತವೆ, ಆದರೆ ಡಿಸೆಂಬರಿನಲ್ಲಿಯೂ ಬೆಳಗಿನ ಶಾಖ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿರುವ ಬೆಂಗಳೂರಿನ ಸುತ್ತಮುತ್ತ ಚಳಿ ಮುಖ್ಯ ಶತ್ರುವಲ್ಲ. ಅರ್ಧ ಖಾಲಿಯಾದ ಟ್ಯಾಂಕಿನಲ್ಲಿ ಮಳೆಗಾಲದ ತೇವ ಹನಿಗಟ್ಟಿ ಡೀಸೆಲಿನ ತಳಕ್ಕೆ ಇಳಿಯುವ ನೀರು ಒಂದು ಶತ್ರು, ಕೋಲಾರ ಮತ್ತು ಚಿಕ್ಕಬಳ್ಳಾಪುರದ ಕೆಂಪುಮಣ್ಣಿನ ಧೂಳು ಇನ್ನೊಂದು. ಟ್ಯಾಂಕನ್ನು ಪೂರ್ತಿ ಬಸಿದು ತೊಳೆಯಬೇಕು, ಫಿಲ್ಟರ್‌ಗಳನ್ನು ಬದಲಿಸಬೇಕು, ಎಣ್ಣೆಯ ಬಟ್ಟಲಿನ ಮೇಲೆ ಗಾಳಿಯನ್ನು ಹಾಯಿಸಿ ಧೂಳನ್ನು ಹಿಡಿಯುವ ಏರ್ ಕ್ಲೀನರಿನ ಕೆಸರನ್ನು ಕೆರೆದು ಹೊಸ ಎಣ್ಣೆ ತುಂಬಬೇಕು. ಇಷ್ಟೆಲ್ಲ ಬಿಚ್ಚಿ ಜೋಡಿಸಿದಾಗ ಕೊಳವೆಗಳೊಳಗೆ ಗಾಳಿ ಸೇರಿರುತ್ತದೆ. ಇದನ್ನೇ ಮೆಕ್ಯಾನಿಕ್ಕುಗಳು ‘ಏರ್ ಹಿಡಿದಿದೆ’ ಎನ್ನುತ್ತಾರೆ. ಡೀಸೆಲ್ ದ್ರವವಾದ್ದರಿಂದ ಪಂಪಿನ ಒತ್ತಡವನ್ನು ನಾಜಲಿಗೆ ಮುಟ್ಟಿಸುತ್ತದೆ, ಗಾಳಿ ಮಾತ್ರ ಕುಗ್ಗಿ ಒತ್ತಡವನ್ನು ನುಂಗಿಬಿಡುತ್ತದೆ. ಆದ್ದರಿಂದ ಟ್ಯಾಂಕಿನ ಕಡೆಯಿಂದ ಆರಂಭಿಸಿ, ಮೊದಲು ಫಿಲ್ಟರಿನ ಮೇಲಿನ ತಿರುಪನ್ನು ಸಡಿಲಿಸಿ ಕೈಪಂಪನ್ನು ಒತ್ತುತ್ತ ಗುಳ್ಳೆಗಳು ನಿಂತು ಶುದ್ಧ ಡೀಸೆಲ್ ಬರುವವರೆಗೆ ಬಿಡಬೇಕು, ಅನಂತರ ಡೀಸೆಲ್ ಪಂಪಿನ ತಿರುಪು, ಕೊನೆಗೆ ನಾಜಲಿಗೆ ಹೋಗುವ ಕೊಳವೆಗಳ ನಟ್ಟು. ಈ ಕ್ರಮ ತಪ್ಪಿದರೆ ತೆಗೆದ ಗಾಳಿ ಮತ್ತೆ ಸೇರಿಕೊಳ್ಳುತ್ತದೆ. ನಾಜಲಿನಿಂದ ಚಿಮ್ಮುವ ಡೀಸೆಲಿನ ಒತ್ತಡ ವಾತಾವರಣದ ಒತ್ತಡದ ನೂರು ಪಟ್ಟಿಗೂ ಮಿಗಿಲು. ಅದು ಚರ್ಮವನ್ನು ತೂರಿ ರಕ್ತಕ್ಕೆ ಸೇರಬಲ್ಲುದಾದ್ದರಿಂದ, ಬರುತ್ತಿದೆಯೇ ಎಂದು ನೋಡಲು ಬೆರಳನ್ನು ಎಂದೂ ಅಡ್ಡ ಇಡಬಾರದು.

ಇಂಜಿನು ಹೊರಟ ಮೇಲೆ ಕಣ್ಣು ಹೊಗೆಯ ಕಡೆಗೆ ಹೋಗುವುದು ಸಹಜವಾದರೂ, ಹೋಗಬೇಕಾದುದು ಎಣ್ಣೆಯ ಒತ್ತಡ ತೋರಿಸುವ ಮುಳ್ಳಿನ ಕಡೆಗೆ. ಕೆಲವು ಕ್ಷಣಗಳಲ್ಲಿ ಅದು ಏರದಿದ್ದರೆ ನಿಲ್ಲಿಸಬೇಕು. ನಿಲ್ಲಿಸುವುದೆಂದರೆ ಡೀಸೆಲನ್ನು ತಡೆಯುವ ಸ್ಟಾಪ್ ರಾಡನ್ನು ಎಳೆಯುವುದು, ಕೀಲಿಯನ್ನು ತಿರುಗಿಸಿದರೆ ಹಳೆಯ ಡೀಸೆಲ್ ಇಂಜಿನು ನಿಲ್ಲುವುದಿಲ್ಲ. ಹಾಗಾಗಿ ಚಾಲೂ ಮಾಡುವ ಮುನ್ನವೇ ಆ ರಾಡು ಸರಾಗವಾಗಿ ಆಡುತ್ತದೆಯೇ ಎಂದು ಖಚಿತಪಡಿಸಿಕೊಳ್ಳಬೇಕು, ಪಂಪಿನೊಳಗೇ ಏನಾದರೂ ಸಿಕ್ಕಿಕೊಂಡು ಇಂಜಿನು ಹಿಡಿತ ಮೀರಿ ಓಡತೊಡಗಿದರೆ ಗಾಳಿಯ ದಾರಿಯನ್ನು ಮುಚ್ಚಲು ಹಲಗೆಯೊಂದನ್ನು ಹತ್ತಿರದಲ್ಲಿಟ್ಟುಕೊಳ್ಳಬೇಕು.

ಜಿಜ್ಞಾಸು: ಹಳ್ಳಿಗಳಲ್ಲಿ ಬ್ಯಾಟರಿ ಸತ್ತ ಟ್ರ್ಯಾಕ್ಟರನ್ನು ರಾತ್ರಿ ದಿಬ್ಬದ ಮೇಲೆ ನಿಲ್ಲಿಸಿ, ಬೆಳಿಗ್ಗೆ ಇಳಿಜಾರಿನಲ್ಲಿ ಉರುಳಿಸಿ ಕ್ಲಚ್ ಬಿಟ್ಟು ಹೊರಡಿಸುವ ರೂಢಿಯಿದೆ. ಇದು ಜಾಣತನವೋ ಅಪಾಯವೋ?

ತಜ್ಞ: ಬ್ಯಾಟರಿಗೆ ಹಣವಿಲ್ಲದ ರೈತ ಹೂಡಿದ ಉಪಾಯವಾಗಿ ಅದು ಜಾಣತನವೇ. ಆದರೆ ಇಂಜಿನು ಹೊರಡದೆ ಇಳಿಜಾರು ಮುಗಿದಾಗ ಮುಂದೇನು ಎಂಬುದನ್ನು ಬ್ರೇಕು ತೀರ್ಮಾನಿಸುತ್ತದೆ, ಹಳೆಯ ಟ್ರ್ಯಾಕ್ಟರಿನಲ್ಲಿ ಮೊದಲು ಸವೆಯುವ ಭಾಗಗಳಲ್ಲಿ ಬ್ರೇಕೂ ಒಂದು. ಇನ್ನೊಂದು ಮಾತನ್ನು ಇಲ್ಲಿಯೇ ಸೇರಿಸಬೇಕು. ಟ್ರ್ಯಾಕ್ಟರಿಗೆ ಎಡಚಕ್ರಕ್ಕೊಂದು, ಬಲಚಕ್ರಕ್ಕೊಂದು ಪ್ರತ್ಯೇಕ ಬ್ರೇಕ್ ಪೆಡಲ್ ಇರುವುದು ಹೊಲದ ತುದಿಯಲ್ಲಿ ಚಿಕ್ಕ ಜಾಗದಲ್ಲಿ ತಿರುಗಲು. ರಸ್ತೆಗೆ ಬರುವಾಗ ಎರಡನ್ನೂ ಕೊಂಡಿಯಿಂದ ಕೂಡಿಸದಿದ್ದರೆ, ವೇಗದಲ್ಲಿ ಒಂದೇ ಪೆಡಲ್ ತುಳಿದಾಗ ಟ್ರ್ಯಾಕ್ಟರು ಒಂದೇ ಕಡೆಗೆ ಎಳೆದು ಮಗುಚುತ್ತದೆ.

ಜಿಜ್ಞಾಸು: ಮಗುಚುವುದರ ಪ್ರಸ್ತಾಪ ಬಂದದ್ದರಿಂದ ಒಂದು ಆಕ್ಷೇಪವನ್ನು ಮುಂದಿಡುವುದು ಅಗತ್ಯ. ಸ್ವೀಡನ್ ದೇಶ 1959ರಷ್ಟು ಹಿಂದೆಯೇ ಹೊಸ ಟ್ರ್ಯಾಕ್ಟರುಗಳಿಗೆ ಚಾಲಕನನ್ನು ರಕ್ಷಿಸುವ ಗಟ್ಟಿ ಚೌಕಟ್ಟನ್ನು ಕಡ್ಡಾಯ ಮಾಡಿತು. ತಾವು ವಿವರಿಸುತ್ತಿರುವ ಯಂತ್ರಗಳಲ್ಲಿ ಅಂಥ ಚೌಕಟ್ಟಿಲ್ಲ, ತಿರುಗುವ ಭಾಗಗಳಿಗೆ ಹೊದಿಕೆಯಿಲ್ಲ, ಸಹಪ್ರಯಾಣಿಕನಿಗೆ ಆಸನವಿಲ್ಲ. ಇವುಗಳನ್ನು ಓಡಿಸದೆ, ಬಣ್ಣ ಹೊಡೆದು ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಿಬಿಡುವುದೇ ಹೊಣೆಗಾರಿಕೆಯ ದಾರಿಯಲ್ಲವೇ?

ತಜ್ಞ: ಅಪಾಯದ ವಿಷಯದಲ್ಲಿ ನಿಮ್ಮ ಮಾತಿಗೆ ಎದುರಿಲ್ಲ. ಎಳೆಯುವ ಭಾರವನ್ನು ಟ್ರ್ಯಾಕ್ಟರಿನ ಹಿಂಭಾಗದ ಕೆಳಗಿನ ಕೊಕ್ಕೆಗೆ ಕಟ್ಟದೆ ಆಕ್ಸಲಿಗೋ ಮೇಲಿನ ಲಿಂಕಿಗೋ ಕಟ್ಟಿದರೆ, ಭಾರ ಅಲುಗದಿದ್ದಾಗ ಚಕ್ರದ ಬದಲು ಟ್ರ್ಯಾಕ್ಟರೇ ಆಕ್ಸಲಿನ ಸುತ್ತ ತಿರುಗಿ ಮೂತಿ ಮೇಲೆದ್ದು ಹಿಂದಕ್ಕೆ ಬೀಳುತ್ತದೆ, ಇದು ಒಂದೆರಡು ಕ್ಷಣಗಳಲ್ಲಿ ಮುಗಿಯುವ ಅನಾಹುತ. ಹ್ಯಾರಿ ಫರ್ಗುಸನ್ ರೂಪಿಸಿದ ಮೂರು ಬಿಂದುಗಳ ಜೋಡಣೆಯ ಹಿರಿಮೆಯಿರುವುದೂ ಇಲ್ಲಿಯೇ: ನೇಗಿಲು ಕಲ್ಲಿಗೆ ಸಿಕ್ಕಿದಾಗ ಮೇಲಿನ ಲಿಂಕು ಟ್ರ್ಯಾಕ್ಟರಿನ ಮುಂಭಾಗವನ್ನು ನೆಲಕ್ಕೆ ಒತ್ತುತ್ತದೆ. ನಿಮಿಷಕ್ಕೆ 540 ಸುತ್ತು ತಿರುಗುವ ಪಿಟಿಒ ದಂಡ, ಅಂದರೆ ಇಂಜಿನಿನ ಬಲವನ್ನು ಒಕ್ಕಣೆ ಯಂತ್ರಕ್ಕೋ ಪಂಪಿಗೋ ಒಯ್ಯುವ ದಂಡ, ಸೆರಗನ್ನೋ ಪಂಚೆಯನ್ನೋ ಹಿಡಿದರೆ ಸೆಕೆಂಡಿಗೆ ಒಂಬತ್ತು ಸುತ್ತು ಸುತ್ತಿಕೊಳ್ಳುತ್ತದೆ, ಮನುಷ್ಯನ ಪ್ರತಿಕ್ರಿಯೆಗೆ ಅಲ್ಲಿ ಸಮಯವೇ ಇಲ್ಲ. ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸುವ ಅಭ್ಯಾಸ ಕನ್ನಡ ನಾಡಿನ ಯಾವ ಊರಿನಲ್ಲಿಯೂ ಕಾಣುವಂಥದ್ದು, ಅದನ್ನು ಇಂದೇ ಬಿಡಬೇಕು.

ಆದರೆ ನಿಲ್ಲಿಸಿದ ಯಂತ್ರ ಉಳಿದ ಯಂತ್ರ ಎಂಬ ತೀರ್ಮಾನಕ್ಕೆ ಒಪ್ಪಿಗೆಯಿಲ್ಲ. ನಿಂತ ಇಂಜಿನಿನ ಸೀಲುಗಳು ಒಣಗುತ್ತವೆ, ಬಳೆಗಳು ಅಂಟುತ್ತವೆ, ಅದನ್ನು ಹೊರಡಿಸಬಲ್ಲ ತೋಳುಗಳು ಒಂದೊಂದಾಗಿ ಇಲ್ಲವಾಗುತ್ತವೆ. ಕೊನೆಗೆ ಉಳಿಯುವುದು ಬಣ್ಣ ಬಳಿದ ಕಬ್ಬಿಣ ಮಾತ್ರ. ಆಯ್ದ ಕೆಲವು ಯಂತ್ರಗಳನ್ನು, ಸಮತಟ್ಟಾದ ಮೈದಾನದಲ್ಲಿ, ಭಾರ ಕಟ್ಟದೆ, ತರಬೇತಿ ಪಡೆದವರ ಕೈಯಲ್ಲಿ, ಮಳೆಗಾಲಕ್ಕೆ ಮುಂಚೆ ಒಮ್ಮೆ ಮತ್ತು ಅನಂತರ ಒಮ್ಮೆಯಾದರೂ ಚಾಲೂ ಮಾಡುವುದು ದೊಡ್ಡ ಸಾಹಸವೇನಲ್ಲ.

ಜಿಜ್ಞಾಸು: ಬಿಡಿಭಾಗಗಳಿಲ್ಲದೆ ಅದು ಸಾಧ್ಯವೇ? ಎಚ್‌ಎಂಟಿಯ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚುವ ತೀರ್ಮಾನವನ್ನು ಕೇಂದ್ರ ಸರ್ಕಾರ 2016ರಲ್ಲಿ ಕೈಗೊಂಡಿತು. ಹೊಸ ಭಾಗಗಳನ್ನು ಹಾಕುತ್ತ ಹೋದರೆ ಯಂತ್ರ ಹಳೆಯದಾಗಿ ಉಳಿಯುವುದೇ?

ತಜ್ಞ: ಬೇರಿಂಗುಗಳ ಮೇಲೆ ಕೊರೆದಿರುವ ಸಂಖ್ಯೆ ಜಗತ್ತಿನಾದ್ಯಂತ ಒಂದೇ ಆಗಿರುವುದರಿಂದ ಅವು ಯಾವ ಅಂಗಡಿಯಲ್ಲಿಯೂ ಸಿಗುತ್ತವೆ, ಗ್ಯಾಸ್ಕೆಟ್ಟನ್ನು ಹಾಳೆಯಿಂದ ಕತ್ತರಿಸಬಹುದು, ಬುಷ್ಷು ಮತ್ತು ಪಿನ್ನುಗಳನ್ನು ಲೇತಿನಲ್ಲಿ ಕಡೆಯಬಹುದು. ಕಷ್ಟವಾಗುವುದು ಎರಕದ ಭಾಗಗಳು ಮತ್ತು ಗೇರುಗಳು, ಅವುಗಳಿಗೆ ಗುಜರಿಯೇ ಗತಿ. ಶಿವಾಜಿನಗರದಂಥ ಕಡೆ ಒಂದು ಯಂತ್ರ ಸತ್ತು ಇನ್ನೊಂದನ್ನು ಬದುಕಿಸುತ್ತದೆ, ಆ ಅಂಗಡಿಗಳಲ್ಲಿ ಭಾಗವನ್ನು ಕೈಯಲ್ಲಿ ಹಿಡಿದೇ ಇದು ಯಾವ ಮಾದರಿಯದು ಎಂದು ಹೇಳಬಲ್ಲವರ ಜ್ಞಾನಕ್ಕೆ ಯಾವ ವಿಶ್ವವಿದ್ಯಾಲಯವೂ ಪದವಿ ಕೊಟ್ಟಿಲ್ಲ. ಹಳೆಯತನದ ಪ್ರಶ್ನೆಗೆ ಉತ್ತರ ಇಷ್ಟು: ಮರಳಿ ಮೊದಲಿನಂತೆ ಮಾಡಬಹುದಾದ ಬದಲಾವಣೆ ಸಮ್ಮತ, ಮಾಡಲಾಗದ ಬದಲಾವಣೆ ಅಸಮ್ಮತ. ಹೊಸ ಟೈರು, ಹೊಸ ಬ್ಯಾಟರಿ, ಪಿಟಿಒ ದಂಡಕ್ಕೆ ಹೊದಿಕೆ ಇವೆಲ್ಲ ಇರಲಿ. ಮೂಲ ಮ್ಯಾಗ್ನೆಟೊವನ್ನು ಬಿಚ್ಚಿದರೆ ಹೆಸರುಚೀಟಿ ಕಟ್ಟಿ ಎತ್ತಿಡಬೇಕು, ಎಸೆಯಬಾರದು.

ಜಿಜ್ಞಾಸು: ಕಾನೂನು ಈ ಕಾಳಜಿಗೆ ಸ್ಪಂದಿಸಿದಂತೆ ಕಾಣುವುದಿಲ್ಲ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿ, ಮೊದಲ ನೋಂದಣಿಯಿಂದ 50 ವರ್ಷ ದಾಟಿ ಮೂಲರೂಪದಲ್ಲಿ ಉಳಿದಿರುವ ವಾಹನಗಳಿಗೆ ‘ವಿಎ’ ಅಕ್ಷರಗಳಿರುವ ವಿಶೇಷ ನೋಂದಣಿ ಸಂಖ್ಯೆಯನ್ನು ಒದಗಿಸಿತು. ಆದರೆ ಅದರ ವ್ಯಾಪ್ತಿಗೆ ಬಂದವು ದ್ವಿಚಕ್ರ ವಾಹನಗಳು ಮತ್ತು ನಾಲ್ಕು ಚಕ್ರದ ಪ್ರಯಾಣಿಕ ವಾಹನಗಳು. ಹಳೆಯ ಕಾರು ಪರಂಪರೆಯಾಯಿತು, ಹಳೆಯ ಟ್ರ್ಯಾಕ್ಟರು ಆಗಲಿಲ್ಲ.

ತಜ್ಞ: ಅದು ಅನ್ಯಾಯವೆಂದು ನೇರವಾಗಿಯೇ ಹೇಳಬೇಕು. ಬೆಂಗಳೂರಿನ ಹಳೆಯ ಕಾರುಗಳು ಕೆಲವೇ ಮನೆತನಗಳ ಸಿರಿಯ ಕತೆಯನ್ನು ಹೇಳುತ್ತವೆ, ಹಳೆಯ ಟ್ರ್ಯಾಕ್ಟರು ಮತ್ತು ಟಿಲ್ಲರುಗಳು ಒಂದು ನಾಡು ಎತ್ತಿನ ಹೆಗಲಿನಿಂದ ಭಾರವನ್ನು ಇಳಿಸಿದ ಕತೆಯನ್ನು ಹೇಳುತ್ತವೆ. ಆ ನಿಯಮಕ್ಕೆ ಕೃಷಿ ಟ್ರ್ಯಾಕ್ಟರುಗಳನ್ನೂ ಸೇರಿಸಬೇಕು. ಜಿಕೆವಿಕೆ ಆವರಣದಲ್ಲಿ ಕೃಷಿ ವಿಶ್ವವಿದ್ಯಾಲಯ ನಡೆಸುವ ಕೃಷಿಮೇಳದಲ್ಲಿ ಹೊಸ ಯಂತ್ರಗಳ ಸಾಲಿನ ಪಕ್ಕದಲ್ಲಿಯೇ ಹಳೆಯ ಯಂತ್ರಗಳನ್ನು ಚಾಲೂ ಮಾಡಿ ತೋರಿಸುವ ಒಂದು ಅಂಗಳ ಬೇಕು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಯಂತ್ರಗಳೊಂದಿಗೆ ಅವುಗಳನ್ನು ನಡೆಸುತ್ತಿದ್ದವರ ಮಾತುಗಳನ್ನೂ ಸಂಗ್ರಹಿಸಬೇಕು.

ಅಷ್ಟರವರೆಗೆ ಮನೆಯಲ್ಲಿ ಇಂಥ ಯಂತ್ರವಿರುವ ಕುಟುಂಬಗಳಲ್ಲಿ ಒಂದು ವಿನಂತಿ. ಗುಜರಿಯವರಿಗೆ ಹೇಳಿಕಳುಹಿಸುವ ಮುನ್ನ ಇಂಜಿನಿನ ಮತ್ತು ಚಾಸಿಯ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ. ಹ್ಯಾಂಡಲು, ಕೈಪಿಡಿ, ನೋಂದಣಿ ಪುಸ್ತಕಗಳನ್ನು ಒಂದೆಡೆ ಸೇರಿಸಿಡಿ. ಅದನ್ನು ಓಡಿಸುತ್ತಿದ್ದ ಹಿರಿಯರು ಇನ್ನೂ ಇದ್ದರೆ, ಅವರನ್ನು ಯಂತ್ರದ ಪಕ್ಕದಲ್ಲಿ ನಿಲ್ಲಿಸಿ, ಡೀಸೆಲ್ ನಲ್ಲಿ ತೆರೆಯುವುದರಿಂದ ಹಿಡಿದು ಸ್ಟಾಪ್ ರಾಡ್ ಎಳೆಯುವವರೆಗಿನ ಪ್ರತಿಯೊಂದು ಹೆಜ್ಜೆಯನ್ನೂ ಅವರ ಮಾತಿನಲ್ಲಿಯೇ ಮೊಬೈಲಿನಲ್ಲಿ ಚಿತ್ರೀಕರಿಸಿ, ಅದರ ಒಂದು ಪ್ರತಿಯನ್ನು ಹತ್ತಿರದ ಕೃಷಿ ಕಾಲೇಜಿಗೆ ಕೊಡಿ.